ಡೀಸೆಲ್ ಮಣ್ಣಿನ ರಾಶಿ ಶುದ್ಧವಾಗುತ್ತಿಲ್ಲವೇ? ಚಳಿಯನ್ನು ದೂರುವ ಮುನ್ನ ನೋಡಬೇಕಾದದ್ದು

ಲಕ್ಷಣ ಹೀಗಿರುತ್ತದೆ. ಡೀಸೆಲ್ ಸೋರಿ ಕೆಟ್ಟ ಮಣ್ಣನ್ನು ಅಗೆದು ತೆಗೆದಿದ್ದೀರಿ. ಸೋರದ ಹಾಳೆ ಹಾಸಿ, ಅದರ ಮೇಲೆ ರಾಶಿ ಹಾಕಿ, ಗೊಬ್ಬರ ಬೆರೆಸಿ, ರಾಶಿಯ ಹೊಟ್ಟೆಯೊಳಗೆ ತೂತು ಕೊರೆದ ಪೈಪುಗಳನ್ನು ಹುಗಿದು ಬ್ಲೋವರ್‌ನಿಂದ ಗಾಳಿ ಊದಿದ್ದೀರಿ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇವೆ, ಮುಂದಿನದನ್ನು ಅವು ನೋಡಿಕೊಳ್ಳಬೇಕು. ಒಂದು ವರ್ಷ ಕಳೆದು ಪ್ರಯೋಗಾಲಯದ ವರದಿ ಬರುತ್ತದೆ. ಹೋದ ವರ್ಷ ಪ್ರತಿ ಕಿಲೋ ಮಣ್ಣಿನಲ್ಲಿ 4,000 ಮಿಲಿಗ್ರಾಂ ಎಣ್ಣೆ ಇತ್ತು. ಈ ವರ್ಷ 4,300.

ಕೆನಡಾದ ನುನಾವುಟ್‌ನಲ್ಲಿ, ಬಳಕೆ ತಪ್ಪಿದ ಒಂದು ವಿಮಾನಪಟ್ಟಿಯ ಪಕ್ಕದಲ್ಲಿ, ಇಂಥದೊಂದು ರಾಶಿಯ ಜೊತೆ ನಾನು ಎರಡು ಬೇಸಿಗೆ ಕಳೆದೆ. ಒಣ ತೂಕದಲ್ಲಿ ಸುಮಾರು 1,000 ಟನ್ ಮಣ್ಣು. ಅಲ್ಲಿನ ಊರುಗಳಿಗೆ ಇಂಧನ ಬರುವುದು ಹಿಮ ಕರಗಿದ ಕೆಲವೇ ವಾರಗಳಲ್ಲಿ, ಹಡಗಿನಲ್ಲಿ. ವರ್ಷಕ್ಕಾಗುವಷ್ಟನ್ನು ಟ್ಯಾಂಕುಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಹಿಂದೆ 205 ಲೀಟರಿನ ಪೀಪಾಯಿಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಪೀಪಾಯಿ ತುಕ್ಕು ಹಿಡಿಯುತ್ತದೆ, ಕವಾಟ ಸೋರುತ್ತದೆ, ಎಣ್ಣೆ ನೆಲಕ್ಕಿಳಿಯುತ್ತದೆ. ಮಣ್ಣನ್ನೇ ಹಡಗಿಗೆ ಹೇರಿ ದಕ್ಷಿಣಕ್ಕೆ ಸಾಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸಾಗಿಸಬಹುದು, ಆದರೆ ಆ ಖರ್ಚಿನಲ್ಲಿ ಊರಿಗೊಂದು ಶಾಲೆ ಕಟ್ಟಬಹುದು. ಕುಲುಮೆಯಲ್ಲಿ ಸುಡಬಹುದು, ಆದರೆ ನೆಲಕ್ಕೆ ಚೆಲ್ಲಿದ ಡೀಸೆಲ್ ತೆಗೆಯಲು ಅದಕ್ಕಿಂತ ಹೆಚ್ಚು ಡೀಸೆಲ್ ಉರಿಸಬೇಕಾದೀತು. ಹಾಗಾಗಿ ರಾಶಿ.

ಅಂಕಿ ಇಳಿಯದಿದ್ದಾಗ ದಕ್ಷಿಣದ ಕಚೇರಿಯಿಂದ ಬಂದ ಉತ್ತರ ಒಂದೇ ಸಾಲಿನದು: ಚಳಿ ಪ್ರದೇಶ, ಇನ್ನೊಂದು ವರ್ಷ ಕಾಯೋಣ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಚಳಿ ಈ ಕೆಲಸವನ್ನು ನಿಧಾನ ಮಾಡುತ್ತದೆ. ಬೇಸಿಗೆಯ ನಡುವೆ ಕೆಲಸ ಪೂರ್ತಿ ನಿಂತಿದ್ದರೆ ಕೆಟ್ಟಿರುವುದು ಬೇರೆ ಏನೋ. ಅದನ್ನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಜೇಬಿಗೆ ಹಗುರವಾದ ಪರೀಕ್ಷೆಗಳು ಮೊದಲು, ವಿಮಾನದಲ್ಲಿ ಸಾಮಾನು ತರಿಸಬೇಕಾದವು ಕೊನೆಗೆ.

ಮೊದಲು ಅಂಕಿಯನ್ನೇ ಅನುಮಾನಿಸಿ

ಲೋಡರ್‌ನಿಂದ ಎತ್ತಿ ಸುರಿದ ಮಣ್ಣು ಸರಿಯಾಗಿ ಕಲಸದ ಚಿತ್ರಾನ್ನದ ಹಾಗೆ. ಒಂದು ತುತ್ತಿನಲ್ಲಿ ಉಪ್ಪು, ಮುಂದಿನ ತುತ್ತು ಸಪ್ಪೆ. ಐದು ಕಡೆ ಅಗೆದು ಐದು ಮಾದರಿ ಕಳುಹಿಸಿದರೆ, ಎರಡು ವರ್ಷದ ಸರಾಸರಿಗಳ ನಡುವೆ ಶೇಕಡಾ ಹತ್ತಿಪ್ಪತ್ತರ ವ್ಯತ್ಯಾಸ ಬಂದೇ ಬರುತ್ತದೆ. ಅದು ಏರಿಕೆಯೂ ಅಲ್ಲ, ಇಳಿಕೆಯೂ ಅಲ್ಲ. 4,000 ಮತ್ತು 4,300ರ ನಡುವಿನ ಅಂತರದ ಬಗ್ಗೆ ಒಂದು ತಿಂಗಳು ಪತ್ರವ್ಯವಹಾರ ನಡೆಸಿದವರನ್ನು ಕಂಡಿದ್ದೇನೆ. ಅದರ ಬದಲು ಮೂವತ್ತು ಕಡೆಗಳಿಂದ, ಬೇರೆ ಬೇರೆ ಆಳಗಳಿಂದ, ಸ್ವಲ್ಪ ಸ್ವಲ್ಪ ತೆಗೆದು ಒಟ್ಟುಗೂಡಿಸಿದ ಮಾದರಿ ಹೆಚ್ಚು ನಿಜ ಹೇಳುತ್ತದೆ. ತೆಗೆದ ಕೂಡಲೇ ಮುಚ್ಚಿದ ಬಾಟಲಿಗೆ ಹಾಕಬೇಕು. ತೆರೆದ ತಟ್ಟೆಯಲ್ಲಿ ಕಲಸುತ್ತ ಕುಳಿತರೆ ಹಗುರ ಭಾಗವೆಲ್ಲ ಆವಿಯಾಗಿ ಹೋಗುತ್ತದೆ.

ಎರಡನೆಯದು ಕಲ್ಲು. ಉತ್ತರದ ಈ ಮಣ್ಣಿನಲ್ಲಿ ಅರ್ಧಕ್ಕರ್ಧ ಜಲ್ಲಿ. ಪ್ರಯೋಗಾಲಯ ಒಂದು ವರ್ಷ ಕಲ್ಲು ಆರಿಸಿ ಬಿಸಾಡಿ, ಇನ್ನೊಂದು ವರ್ಷ ಸೇರಿಸಿ ತೂಗಿದರೆ, ಅದೇ ಮಣ್ಣಿಗೆ ಎರಡು ಬೇರೆ ಅಂಕಿ ಬರುತ್ತದೆ. ವರದಿಯಲ್ಲಿ ಇದು ಕಾಣುವುದಿಲ್ಲ. ಫೋನ್ ಮಾಡಿ ಕೇಳಬೇಕು.

ಮೂರನೆಯದು ಪಾಚಿ ಮತ್ತು ಪೀಟ್, ಅಂದರೆ ಸಾವಿರಾರು ವರ್ಷಗಳಿಂದ ಚಳಿಯಲ್ಲಿ ಕೊಳೆಯದೆ ಉಳಿದ ಸಸ್ಯದ ಕಪ್ಪು ಪದರ. ಟಂಡ್ರಾದ ಮೇಲ್ಮಣ್ಣನ್ನೂ ಸೇರಿಸಿ ಕೆರೆದಿದ್ದರೆ ಅದರ ಮೇಣ, ಕೊಬ್ಬುಗಳೂ ಎಣ್ಣೆಯ ಲೆಕ್ಕಕ್ಕೆ ಬೀಳುತ್ತವೆ. ಕೆನಡಾದ ಪದ್ಧತಿಯಲ್ಲಿ ಎಣ್ಣೆಯನ್ನು ಇಂಗಾಲದ ಸರಪಳಿಯ ಉದ್ದದ ಪ್ರಕಾರ ನಾಲ್ಕು ಪಾಲು ಮಾಡುತ್ತಾರೆ. ಚಳಿನಾಡಿನ ಡೀಸೆಲ್‌ನ ಬಹುಭಾಗ 10ರಿಂದ 16 ಇಂಗಾಲಗಳ ಎರಡನೇ ಪಾಲಿನಲ್ಲಿ ಬೀಳುತ್ತದೆ. ಪೀಟ್‌ನ ಗದ್ದಲ ಹೆಚ್ಚಾಗಿ 16ರಿಂದ 34ರ ಮೂರನೇ ಪಾಲಿನಲ್ಲಿ. ಆದ್ದರಿಂದ ಒಟ್ಟು ಮೊತ್ತ ಮಾತ್ರ ನೋಡಬೇಡಿ, ಪಾಲು ಪಾಲಾಗಿ ನೋಡಿ. ಸಿಲಿಕಾ ಜೆಲ್ ಮೂಲಕ ಹಾಯಿಸಿ ಶುದ್ಧಿ ಮಾಡಿದ್ದಾರೆಯೇ ಎಂದು ಕೇಳಿ. ಸಸ್ಯಮೂಲದ ಪದಾರ್ಥಗಳನ್ನು ಅದು ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ. ನಮ್ಮ 4,300ರಲ್ಲಿನ ಹೆಚ್ಚುವರಿ ಮುನ್ನೂರು ಹೀಗೆ ಬಂದದ್ದು. ಅದನ್ನು ಕಳೆದ ಮೇಲೆ ಉಳಿದದ್ದು ಹೋದ ವರ್ಷದ್ದೇ ಅಂಕಿ. ಏರಿರಲಿಲ್ಲ ಎಂಬುದು ಸಮಾಧಾನ, ಇಳಿದಿರಲಿಲ್ಲ ಎಂಬುದು ತಲೆನೋವು.

ಸ್ಥಳದಲ್ಲೇ ಆವಿ ಅಳೆಯುವ ಕೈಯಂತ್ರದ ಬಗ್ಗೆಯೂ ಒಂದು ಮಾತು. ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅಲುಗಿಸಿ, ಮೇಲಿನ ಗಾಳಿಗೆ ಯಂತ್ರದ ಮೂತಿ ಚುಚ್ಚಿ ಓದುವುದು ವಾಡಿಕೆ. ಒಂದು ಬೆಳಿಗ್ಗೆ ಹೊರಗೆ 4 ಡಿಗ್ರಿ ಇತ್ತು. ಚೀಲದ ಗಾಳಿಯಲ್ಲಿ ಆವಿಯ ಓದು 12 ಬಂತು. ಜೊತೆಯಲ್ಲಿದ್ದ ಹುಡುಗ ಪಟ್ಟಿಯಲ್ಲಿ 'ಸ್ವಚ್ಛ' ಎಂದು ಬರೆಯಲು ಹೊರಟ. ಅದೇ ಚೀಲವನ್ನು ನನ್ನ ಜಾಕೆಟ್ಟಿನೊಳಗೆ ಇಪ್ಪತ್ತು ನಿಮಿಷ ಇಟ್ಟುಕೊಂಡು ಮತ್ತೆ ಚುಚ್ಚಿದೆ: 90. ತಣ್ಣನೆಯ ಮಣ್ಣಿನಿಂದ ಡೀಸೆಲ್ ಆವಿ ಅಷ್ಟಾಗಿ ಏಳುವುದಿಲ್ಲ. ಪ್ರತಿ ಚೀಲವನ್ನೂ ಒಂದೇ ಉಷ್ಣತೆಗೆ, 20 ಡಿಗ್ರಿಯ ಆಸುಪಾಸಿಗೆ ತಂದು ಓದದಿದ್ದರೆ ಆ ಪಟ್ಟಿ ಹವಾಮಾನ ವರದಿಯಾಗುತ್ತದೆ ಅಷ್ಟೇ. ಇನ್ನೊಂದು ಗುಂಡಿಯೂ ಇದೆ: ಬೆಚ್ಚನೆಯ ಕೋಣೆಗೆ ತಣ್ಣನೆಯ ಯಂತ್ರ ತಂದರೆ ಅದರೊಳಗಿನ ದೀಪದ ಮೇಲೆ ಮಂಜು ಕೂರುತ್ತದೆ, ಓದು ತಪ್ಪುತ್ತದೆ.

ಇಳಿದರೂ ಒಮ್ಮೆ ಕೇಳಿ: ತಿಂದರೋ, ಹಾರಿತೋ?

ಅಂಕಿ ಇಳಿದ ರಾಶಿಗಳಲ್ಲೂ ಒಂದು ಗುಟ್ಟಿರುತ್ತದೆ. ಗಾಳಿ ಊದಿದರೆ, ಮಣ್ಣು ತಿರುವಿದರೆ, ಹಗುರ ಇಂಧನ ಆವಿಯಾಗಿ ಹೋಗುತ್ತದೆ. ಅದು ಶುದ್ಧೀಕರಣವಲ್ಲ ಎನ್ನಲಾರೆ, ಆದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಎಂಬುದಕ್ಕೆ ಸಾಕ್ಷಿಯಂತೂ ಅಲ್ಲ. ಹಾರುವುದೆಲ್ಲ ಹಾರಿಹೋದ ಮೇಲೆ ಅಂಕಿ ಥಟ್ಟನೆ ನಿಲ್ಲುತ್ತದೆ, ಆಗ ಎಲ್ಲರೂ ಗಾಬರಿಯಾಗುತ್ತಾರೆ.

ತಿಳಿಯುವ ದಾರಿ ಇದೆ. ಡೀಸೆಲ್‌ನಲ್ಲಿ 17 ಇಂಗಾಲಗಳ ನೇರ ಸರಪಳಿಯ ಪಕ್ಕದಲ್ಲೇ ಪ್ರಿಸ್ಟೇನ್ ಎಂಬ ಕವಲೊಡೆದ ಅಣು ಇರುತ್ತದೆ. ಎರಡೂ ಆವಿಯಾಗುವುದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ. ಬ್ಯಾಕ್ಟೀರಿಯಾಗಳಿಗೆ ಮಾತ್ರ ನೇರ ಸರಪಳಿಯೇ ರುಚಿ. ಕವಲಿನದನ್ನು ಕೊನೆಗೆ ಉಳಿಸಿಕೊಳ್ಳುತ್ತವೆ. 18 ಇಂಗಾಲದ ಸರಪಳಿಗೂ ಫೈಟೇನ್‌ಗೂ ಇದೇ ಸಂಬಂಧ. ಒಟ್ಟು ಎಣ್ಣೆ ಇಳಿದು, ನೇರ ಸರಪಳಿಗೂ ಕವಲಿನದಕ್ಕೂ ನಡುವಿನ ಅನುಪಾತ ಹಾಗೆಯೇ ಉಳಿದಿದ್ದರೆ ಎಣ್ಣೆ ಹಾರಿಹೋಗಿದೆ, ಅಥವಾ ಯಾರೋ ಒಳ್ಳೆಯ ಮಣ್ಣು ಬೆರೆಸಿದ್ದಾರೆ. ಅನುಪಾತವೂ ಕುಸಿದಿದ್ದರೆ ಊಟ ನಡೆದಿದೆ. ವಿಮಾನದ ಇಂಧನದಂಥ ಹಗುರ ಎಣ್ಣೆಯಲ್ಲಿ ಈ ಅಣುಗಳು ಬಹಳ ಕಡಿಮೆ, ಅಲ್ಲಿ ಇನ್ನೂ ಚಿಕ್ಕ ಕವಲು ಅಣುಗಳನ್ನು ಹಿಡಿಯಬೇಕು. ನಮ್ಮ ರಾಶಿಯಲ್ಲಿ ಅನುಪಾತ ಮೊದಲ ದಿನದಂತೆಯೇ ಇತ್ತು. ಯಾರೂ ಊಟ ಮಾಡಿರಲಿಲ್ಲ.

ರಾಶಿಯ ಉಸಿರು ನೋಡುವುದು

ಇದು ನನಗೆ ಅತಿ ಇಷ್ಟವಾದ ಪರೀಕ್ಷೆ, ಯಾಕೆಂದರೆ ಪ್ರಯೋಗಾಲಯ ಬೇಕಿಲ್ಲ. ಬ್ಲೋವರ್ ಓಡುತ್ತಿರುವಾಗ ರಾಶಿಯೊಳಗಿನ ಗಾಳಿಯಲ್ಲಿ ಆಮ್ಲಜನಕ ಹೊರಗಿನಷ್ಟೇ, ಅಂದರೆ ಶೇಕಡಾ 20.9ರ ಸುತ್ತ ಇರಬೇಕು. ಬ್ಲೋವರ್ ನಿಲ್ಲಿಸಿ. ಮಣ್ಣೊಳಗೆ ಹುಗಿದ ಸಣ್ಣ ನಳಿಕೆಯಿಂದ ಗಾಳಿ ಎಳೆದು ಆಮ್ಲಜನಕ ಮಾಪಕದಲ್ಲಿ ಕೆಲವು ಗಂಟೆಗೊಮ್ಮೆ ಓದಿ. ಎಣ್ಣೆ ತಿನ್ನುವ ಜೀವಿ ಉಸಿರಾಡಲೇಬೇಕು. ಉಸಿರಾಡಿದರೆ ಆಮ್ಲಜನಕ ಇಳಿಯಲೇಬೇಕು.

ಓದು ಎರಡು ದಿಕ್ಕಿಗೆ ಬೆರಳು ತೋರಿಸುತ್ತದೆ. ಬ್ಲೋವರ್ ಓಡುತ್ತಿದ್ದಾಗಲೇ ಒಳಗೆ ಶೇಕಡಾ 2 ಅಥವಾ 3 ಇದ್ದರೆ ಜೀವಿಗಳಿಗೆ ಹಸಿವಿದೆ, ಗಾಳಿ ತಲುಪುತ್ತಿಲ್ಲ. ನಿಲ್ಲಿಸಿದ ಒಂದು ದಿನದ ನಂತರವೂ ಅಂಕಿ ಅಲುಗದಿದ್ದರೆ ಗಾಳಿ ಬೇಕಾದಷ್ಟಿದೆ, ಉಸಿರಾಡುವವರೇ ಇಲ್ಲ. ನಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆಯ ನಂತರ 20.6.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಶೇಕಡಾ 1ರಷ್ಟು ಆಮ್ಲಜನಕ ಇಳಿದರೆ ಪ್ರತಿ ಕಿಲೋ ಮಣ್ಣಿನಲ್ಲಿ ಒಂದು ಮಿಲಿಗ್ರಾಮಿಗಿಂತ ತುಸು ಕಡಿಮೆ ಎಣ್ಣೆ ಖರ್ಚಾಗಿದೆ ಎಂದು ಸ್ಥೂಲವಾಗಿ ಹಿಡಿಯಬಹುದು. ನಮ್ಮದು 0.3. ಆ ವೇಗದಲ್ಲಿ 4,000 ಮಿಲಿಗ್ರಾಂ ಮುಗಿಯಲು ಎಷ್ಟು ಬೇಸಿಗೆ ಬೇಕೆಂದು ಲೆಕ್ಕ ಹಾಕಿದರೆ ಮೊಮ್ಮಕ್ಕಳ ಕಾಲವೂ ದಾಟುತ್ತದೆ.

ಧೂಳು

ರೋಗ ಪತ್ತೆ ಹಚ್ಚಿದ್ದು ಎಂಜಿನಿಯರುಗಳಾದ ನಾವಲ್ಲ. ಲೋಡರ್ ಓಡಿಸುತ್ತಿದ್ದ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಹಿರಿಯರೊಬ್ಬರು, ಮಣ್ಣು ತಿರುವುವ ದಿನ ಯಂತ್ರ ನಿಲ್ಲಿಸಿ ಕೆಳಗಿಳಿದು ಬಂದು, ಗಾಜು ಒರೆಸಿಕೊಳ್ಳುವುದಕ್ಕೆ ಬಟ್ಟೆ ಕೇಳಿದರು. ಕಣ್ಣಿಗೆ ಏನೂ ಕಾಣಿಸುತ್ತಿಲ್ಲ, ಅಷ್ಟು ಧೂಳು ಎಂದರು. ಧೂಳು! ತಿಂಗಳುಗಟ್ಟಲೆ ನಾವು ಉಷ್ಣತೆ ಬರೆದಿಟ್ಟುಕೊಂಡಿದ್ದೆವು, ಬ್ಯಾಕ್ಟೀರಿಯಾ ಎಣಿಸಿದ್ದೆವು. ರಾಶಿಯಿಂದ ಧೂಳೇಳುತ್ತಿದೆ ಎಂಬುದನ್ನು ಯಾರೂ ಒಂದು ಲಕ್ಷಣವೆಂದು ಬರೆದಿರಲಿಲ್ಲ.

ಆ ಸಂಜೆ ನೂರು ಗ್ರಾಂ ಮಣ್ಣು ತೂಗಿ, ಒಣಗಿಸಿ, ಮತ್ತೆ ತೂಗಿದೆ. (ಅಡುಗೆಮನೆಯ ಒಲೆಯಲ್ಲಿ ಬೇಡ. ಡೀಸೆಲ್ ಆವಿ ಅನ್ನಕ್ಕೂ ಹಿಡಿಯುತ್ತದೆ, ಬೆಂಕಿಯೂ ಹಿಡಿದೀತು. ಹೊರಗಿನ ಶೆಡ್ಡಿನಲ್ಲಿ, ಗಾಳಿಯಾಡುವ ಓವನ್ನಿನಲ್ಲಿ, 105 ಡಿಗ್ರಿಯಲ್ಲಿ.) ಒಣ ತೂಕಕ್ಕೆ ಶೇಕಡಾ 5 ತೇವಾಂಶ. ಕಡತದಲ್ಲಿ ಬರೆದಿದ್ದದ್ದು ಶೇಕಡಾ 11. ಅದು ಅಗೆದ ದಿನದ ಅಳತೆ, ಮಣ್ಣಿನಲ್ಲಿದ್ದ ಮಂಜುಗಡ್ಡೆ ಆಗಷ್ಟೇ ಕರಗಿ ಒದ್ದೆಯಾಗಿದ್ದಾಗಿನದು. ಆಮೇಲೆ ಯಾರೂ ಅಳೆದಿರಲಿಲ್ಲ.

ಒಣಗಿಸಿದವರು ನಾವೇ. ಆರ್ಕ್ಟಿಕ್ ಎಂದರೆ ಹಿಮ, ಹಿಮ ಎಂದರೆ ನೀರು ಎಂಬ ಭ್ರಮೆ ನಮಗೆಲ್ಲ ಇದೆ. ಅದರ ಉತ್ತರ ಭಾಗದ ಬಹುಪಾಲು ಮರುಭೂಮಿಯೇ: ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ 250 ಮಿಲಿಮೀಟರಿಗಿಂತ ಕಡಿಮೆ. ಬಯಲುಸೀಮೆಯ ಬರದ ವರ್ಷಕ್ಕೂ ಸಾಲದು. ಅದರ ಮೇಲೆ ಮಳೆನೀರಿನಲ್ಲಿ ಎಣ್ಣೆ ತೊಳೆದು ಹೋಗದಿರಲಿ ಎಂದು ರಾಶಿಗೆ ಟಾರ್ಪಾಲು ಹೊದಿಸಿದ್ದೆವು. ಹೊರಗಿನ ತಣ್ಣನೆಯ ಗಾಳಿಯಲ್ಲಿ ತೇವ ಅತ್ಯಲ್ಪ. ಅದನ್ನು ಬ್ಲೋವರ್ ತನ್ನ ಬಿಸಿಯಿಂದ, ರಾಶಿ ತನ್ನ ಬಿಸಿಯಿಂದ ಬೆಚ್ಚಗೆ ಮಾಡಿದ ಕೂಡಲೇ ಅದು ಸಿಕ್ಕಲ್ಲೆಲ್ಲ ನೀರು ಹೀರುತ್ತದೆ. ಹಗಲೂ ರಾತ್ರಿ ಹೀಗೆ ಊದಿದರೆ ಹಪ್ಪಳ ಒಣಗಿದಂತೆ ಒಣಗುತ್ತದೆ.

ನೀರಿಲ್ಲದ್ದು ಅರ್ಧ ಕಥೆ, ಉಳಿದರ್ಧ ಗೊಬ್ಬರದ್ದು. ಇಂಗಾಲ, ಸಾರಜನಕ, ರಂಜಕ 100:10:1ರ ಅನುಪಾತದಲ್ಲಿರಬೇಕೆಂದು ಹಲವು ಕೈಪಿಡಿಗಳಲ್ಲಿ ಇದೆ. ನಮ್ಮಲ್ಲಿ ಹಿಂದಿನವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಕಿಲೋಗೆ 4,000 ಮಿಲಿಗ್ರಾಂ ಡೀಸೆಲ್ ಎಂದರೆ ಸುಮಾರು 3,400 ಮಿಲಿಗ್ರಾಂ ಇಂಗಾಲ. ಅದರ ಹತ್ತನೇ ಒಂದು ಪಾಲು 340 ಮಿಲಿಗ್ರಾಂ ಸಾರಜನಕ. ಸಾವಿರ ಟನ್ನಿಗೆ 340 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇಕಡಾ 46, ಆದ್ದರಿಂದ 25 ಕಿಲೋದ ಸುಮಾರು ಮೂವತ್ತು ಚೀಲ. ಎಲ್ಲವನ್ನೂ ಒಂದೇ ಸಲ ಬೆರೆಸಿದ್ದರು. ಕಾಗದದ ಮೇಲೆ ಒಂದು ತಪ್ಪೂ ಇಲ್ಲ.

ಆದರೆ ಬ್ಯಾಕ್ಟೀರಿಯಾ ವಾಸಿಸುವುದು ಒಣ ಮಣ್ಣಿನಲ್ಲಿ ಅಲ್ಲ, ಮಣ್ಣಿನ ಕಣಗಳಿಗೆ ಅಂಟಿದ ತೆಳುವಾದ ನೀರಿನ ಪೊರೆಯಲ್ಲಿ. ಗೊಬ್ಬರ ಕರಗುವುದೂ ಆ ನೀರಿನಲ್ಲೇ. ಹಾಗಾಗಿ ಕಿಲೋ ಮಣ್ಣಿಗೆ ಎಷ್ಟು ಎಂದು ಕೇಳುವುದಕ್ಕಿಂತ ಮಣ್ಣಿನಲ್ಲಿರುವ ಕಿಲೋ ನೀರಿಗೆ ಎಷ್ಟು ಎಂದು ಕೇಳಬೇಕು. ಅಲಾಸ್ಕಾದ ಉತ್ತರ ತೀರದ ಮಣ್ಣಿನ ಮೇಲೂ, ದಕ್ಷಿಣ ಸಾಗರದ ಮಕ್ವಾರಿ ದ್ವೀಪದ ಮಣ್ಣಿನ ಮೇಲೂ ನಡೆದ ಪ್ರಯೋಗಗಳಲ್ಲಿ ಕಂಡ ಸಂಗತಿ ಒಂದೇ: ಕಿಲೋ ನೀರಿಗೆ ಸುಮಾರು 2,000 ಮಿಲಿಗ್ರಾಂ ಸಾರಜನಕ ದಾಟಿದ ಮೇಲೆ ಹೆಚ್ಚುವರಿ ಗೊಬ್ಬರದಿಂದ ಲಾಭವಿಲ್ಲ, ಮುಂದೆ ಹೋದಂತೆ ನಷ್ಟ. ನಮ್ಮ 340ನ್ನು ಶೇಕಡಾ 5 ತೇವದಿಂದ ಭಾಗಿಸಿ: 6,800. ಮಿತಿಯ ಮೂರು ಪಟ್ಟಿಗೂ ಮೇಲೆ.

ಮಾವಿನಕಾಯಿ ಉಪ್ಪಿನಲ್ಲಿ ವರ್ಷಗಟ್ಟಲೆ ಕೆಡದೆ ಇರುವುದು ಇದೇ ಕಾರಣಕ್ಕೆ. ಸುತ್ತಲಿನ ದ್ರವ ತೀರಾ ಉಪ್ಪಾದರೆ ಜೀವಕೋಶದೊಳಗಿನ ನೀರು ಹೊರಗೆ ಎಳೆಯಲ್ಪಡುತ್ತದೆ, ಜೀವಿ ಮುದುಡುತ್ತದೆ. ನಾವು ಸಾವಿರ ಟನ್ ಮಣ್ಣಿಗೆ ಉಪ್ಪಿನಕಾಯಿ ಹಾಕಿ ಇಟ್ಟು, ಯಾಕೆ ಕೊಳೆಯುತ್ತಿಲ್ಲ ಎಂದು ಚಿಂತಿಸುತ್ತಿದ್ದೆವು. ಬಿತ್ತಿದ ಪೈರಿಗೆ ತೇವವಿಲ್ಲದ ಹೊತ್ತಿನಲ್ಲಿ ಯೂರಿಯಾ ಚೆಲ್ಲಿ ಸುಟ್ಟುಕೊಂಡ ರೈತನಿಗೆ ಈ ವಿಷಯ ಯಾರೂ ವಿವರಿಸಬೇಕಿಲ್ಲ. ಯೂರಿಯಾ ಅಮೋನಿಯ ಆಗುವಾಗ ಮಣ್ಣು ಕ್ಷಾರವೂ ಆಗುತ್ತದೆ, ಅದು ಇನ್ನೊಂದು ಪೆಟ್ಟು. ಶರತ್ಕಾಲದಲ್ಲಿ ಸ್ಥಿತಿ ಮತ್ತಷ್ಟು ಕೆಡುತ್ತದೆ: ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಉಳಿದ ಒಂದಿಷ್ಟು ದ್ರವಕ್ಕೆ ಎಲ್ಲವನ್ನೂ ತಳ್ಳುತ್ತದೆ.

ಇದನ್ನು ಸ್ಥಳದಲ್ಲೇ ಪತ್ತೆ ಮಾಡಲು ಪೆನ್ನಿನಂಥ ವಿದ್ಯುತ್ ವಾಹಕತೆಯ ಮಾಪಕ ಸಾಕು. ನಮ್ಮ ರೈತರ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಇಸಿ ಎಂದು ಬರುತ್ತದಲ್ಲ, ಅದೇ. ಒಂದು ಪಾಲು ಮಣ್ಣಿಗೆ ಐದು ಪಾಲು ಶುದ್ಧ ನೀರು ಬೆರೆಸಿ, ತಿಳಿಯಾದ ಮೇಲೆ ಓದಿ. ಪಕ್ಕದ ಕೆಡದ ಮಣ್ಣನ್ನೂ ಹಾಗೆಯೇ ಓದಿ ಹೋಲಿಸಿ. ಯೂರಿಯಾ ತಾನಾಗಿ ವಾಹಕತೆ ತೋರಿಸದು, ಅಮೋನಿಯಮ್ ಆಗಿ ಒಡೆದ ಮೇಲೆ ತೋರಿಸುತ್ತದೆ. ಸಮುದ್ರದ ಅಂಚಿನ ಮಣ್ಣಿನಲ್ಲಿ ಮೊದಲೇ ಉಪ್ಪಿರುತ್ತದೆ, ಅಲ್ಲಿ ಗೊಬ್ಬರಕ್ಕೆ ಇನ್ನೂ ಕಡಿಮೆ ಜಾಗ.

ಪರಿಹಾರ ನೀರು, ಅದರ ಜೊತೆಗೆ ಕೈಕಟ್ಟಿ ಕೂರುವ ಸಂಯಮ. ಗೊಬ್ಬರದ ಒಂದು ಚಿಟಿಕೆಯನ್ನೂ ಮುಟ್ಟಬೇಡಿ. ಶೇಕಡಾ 5ರಿಂದ 12ಕ್ಕೆ ಏರಿಸಲು ನಮಗೆ 70,000 ಲೀಟರ್ ಬೇಕಾಯಿತು. ಒಂದೇ ದಿನ ಸುರಿದರೆ ಮೇಲಿನ ಪದರ ಕೆಸರಾಗಿ, ಉಳಿದದ್ದು ಬದಿಯಿಂದ ಹರಿದು, ಜೊತೆಗೆ ಸಾರಜನಕವನ್ನೂ ಹೊತ್ತು ಪಕ್ಕದ ಕೆರೆಗೆ ಹೋಗುತ್ತದೆ; ಬಡ ಪೋಷಕಾಂಶದ ಟಂಡ್ರಾ ಕೆರೆಗೆ ಅದು ಎಣ್ಣೆಯಷ್ಟೇ ಕೆಟ್ಟದ್ದು. ಎರಡು ವಾರ ಸ್ವಲ್ಪ ಸ್ವಲ್ಪ ಸಿಂಪಡಿಸಿದೆವು, ನಡುನಡುವೆ ಲೋಡರ್ ತಿರುವಿತು. ಹದ ಬಂತೋ ಇಲ್ಲವೋ ನೋಡಲು ಕೈಗವಸು ಹಾಕಿದ ಮುಷ್ಟಿಯೇ ಸಾಕು: ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ನಮ್ಮ ಮಣ್ಣಿನಲ್ಲಿ ಜಲ್ಲಿಯ ಜೊತೆ ನುಣುಪು ಮಣ್ಣೂ ಇದ್ದದ್ದರಿಂದ ಶೇಕಡಾ 12 ನಿಂತಿತು. ಬರಿಯ ಮರಳಾಗಿದ್ದರೆ ಅಷ್ಟನ್ನು ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಲೆಕ್ಕದಲ್ಲಿ ಸಾರಜನಕ ಈಗ 2,800ರ ಆಸುಪಾಸು. ಮಿತಿಗಿಂತ ಮೇಲೆಯೇ, ಆದರೆ ಬದುಕಬಹುದಾದಷ್ಟು.

ಹತ್ತು ದಿನ ಬಿಟ್ಟು ಮತ್ತೆ ಬ್ಲೋವರ್ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಆಮ್ಲಜನಕ ಮಾಪಕ ಶೇಕಡಾ 12 ತೋರಿಸಿತು. ಮಾಪಕ ಕೆಟ್ಟಿದೆಯೆಂದು ಹೊರಗೆ ಹಿಡಿದು ನೋಡಿದೆ: 20.9. ಮತ್ತೆ ನಳಿಕೆಗೆ ಸಿಕ್ಕಿಸಿದೆ: 12.

ಗಾಳಿಯೇ ತಲುಪದಿದ್ದರೆ

ಇದು ಇನ್ನೊಂದು ಕವಲು, ನಮಗೆ ಬರಲಿಲ್ಲ, ಆದರೆ ಸಾಮಾನ್ಯ. ಮಣ್ಣು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ, ಅಗೆದಾಗ ಬೂದು ಬಣ್ಣ ಕಂಡರೆ ಒಳಗೆ ಆಮ್ಲಜನಕ ಮುಗಿದಿದೆ. ವಸಂತದಲ್ಲಿ ಹಿಮ ಕರಗಿ ರಾಶಿಯ ಬುಡ ನೀರು ಕುಡಿದಿರಬಹುದು. ಪೈಪಿನ ತಗ್ಗಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ದಾರಿ ಕಟ್ಟಿರಬಹುದು. ಪ್ರತಿ ಪೈಪಿನ ಬಾಯಲ್ಲೂ ಒತ್ತಡ ಓದಿ. ಒಂದರಲ್ಲಿ ಒತ್ತಡ ಹೆಚ್ಚಿದ್ದು ಗಾಳಿ ಹರಿಯದಿದ್ದರೆ ಅಲ್ಲಿ ಮಂಜಿನ ಬಿರಡೆ ಇದೆ. ಒತ್ತಡವೇ ಇಲ್ಲದೆ ಗಾಳಿ ಹೆಚ್ಚಿದ್ದರೆ ಮಣ್ಣು ಬಿರುಕು ಬಿಟ್ಟಿದೆ, ಗಾಳಿ ಸುಲಭದ ದಾರಿ ಹಿಡಿದು ಹೊರಗೆ ಹೋಗುತ್ತಿದೆ.

ಈಗ ಚಳಿ

ರಾಶಿಯ ನಡುವೆ ಕನಿಷ್ಠ ಮೂರು ಆಳಗಳಲ್ಲಿ ಉಷ್ಣತೆ ಬರೆದಿಟ್ಟುಕೊಳ್ಳುವ ಸಾಧನ ಇರಲಿ. ಹೊರಗಿನ ಹವೆ ನೋಡಿ ಒಳಗನ್ನು ಊಹಿಸಬೇಡಿ. ಜುಲೈನಲ್ಲಿ ನಮ್ಮ ರಾಶಿಯ ಹೊಟ್ಟೆ 6ರಿಂದ 9 ಡಿಗ್ರಿ ಇತ್ತು. ಹತ್ತು ಡಿಗ್ರಿ ಇಳಿದರೆ ಜೀವಿಗಳ ವೇಗ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಹಳೆಯ ಲೆಕ್ಕ. ಹಾಗೆ ನೋಡಿದರೆ 20 ಡಿಗ್ರಿಯಲ್ಲಿ ಒಂದು ವಾರ ಹಿಡಿಯುವ ಕೆಲಸಕ್ಕೆ ಇಲ್ಲಿ ಎರಡು, ಎರಡೂವರೆ ವಾರ. ಅದು ಸೊನ್ನೆಯಲ್ಲ. ಚಳಿಯೇ ಕಾರಣವಾಗಿದ್ದರೆ ಜುಲೈ ಉಸಿರಿಗೂ ಸೆಪ್ಟೆಂಬರ್ ಉಸಿರಿಗೂ ವ್ಯತ್ಯಾಸ ಕಾಣಬೇಕಿತ್ತು. ನಮ್ಮಲ್ಲಿ ಎರಡೂ ಒಂದೇ ಸಮನೆ ಚಪ್ಪಟೆ. ಕಚೇರಿಗೆ ನಾನು ಕಳುಹಿಸಿದ್ದು ಈ ಎರಡು ಗೆರೆಗಳನ್ನೇ, ವಾದವನ್ನಲ್ಲ.

ಸೊನ್ನೆಯ ಕೆಳಗೂ ಮಣ್ಣಿನಲ್ಲಿ ಹೆಪ್ಪುಗಟ್ಟದ ನೀರಿನ ಪೊರೆ ಉಳಿದಿರುತ್ತದೆ, ಅಲ್ಲಿ ಒಂದಿಷ್ಟು ಚಟುವಟಿಕೆ ನಡೆದೇ ಇರುತ್ತದೆ. ಅದರ ಮೇಲೆ ಯೋಜನೆ ಕಟ್ಟಬೇಡಿ, ಆದರೆ ಸೆಪ್ಟೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನವೇ ಬ್ಲೋವರ್ ಆರಿಸುವ ಅವಸರವೂ ಬೇಡ.

ಊರಿನ ತಿಪ್ಪೆ ಮಾಗಿಯ ಬೆಳಿಗ್ಗೆ ಹಬೆಯಾಡುವುದನ್ನು ಕಂಡವರು, ಈ ರಾಶಿಯೂ ತಾನಾಗಿ ಬಿಸಿಯಾಗಬೇಕಲ್ಲ ಎಂದುಕೊಳ್ಳುತ್ತಾರೆ. ಆಗದು. ತಿಪ್ಪೆಯೆಲ್ಲ ಊಟವೇ, ಇಲ್ಲಿ ಸಾವಿರ ಪಾಲು ಮಣ್ಣಿನಲ್ಲಿ ನಾಲ್ಕು ಪಾಲು ಊಟ. ಹುಟ್ಟುವ ಬಿಸಿ ಹುಟ್ಟುವ ವೇಗಕ್ಕಿಂತ ಬೇಗ ಸೋರಿಹೋಗುತ್ತದೆ. ಕಪ್ಪು ಹೊದಿಕೆ ಹಾಕಿದರೆ ಇಪ್ಪತ್ತನಾಲ್ಕು ಗಂಟೆಯ ಬಿಸಿಲು ಕೆಲವು ಡಿಗ್ರಿ ಉಚಿತವಾಗಿ ಕೊಡುತ್ತದೆ. ಆದರೆ ಆ ಬಿಸಿ ಕೆಳಗೂ ಇಳಿಯುತ್ತದೆ. ಪರ್ಮಾಫ್ರಾಸ್ಟ್, ಅಂದರೆ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ, ಕರಗಿದರೆ ಮೇಲಿರುವುದು ಕುಸಿಯುತ್ತದೆ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್‌ನಲ್ಲಿ ಟ್ಯಾಂಕಿನ ಆಧಾರ ಕುಸಿದು ಸುಮಾರು 21,000 ಟನ್ ಡೀಸೆಲ್ ಹೊರಬಿದ್ದಿತ್ತು. ಪರ್ಮಾಫ್ರಾಸ್ಟ್ ಕರಗಿದ್ದೇ ಕಾರಣವೆಂದು ಆಗ ಹೇಳಿದರು. ಅಲ್ಲೂ ಹವೆಯನ್ನು ದೂರುವುದು ಸುಲಭವಾಯಿತು. ಟ್ಯಾಂಕನ್ನು ಹೊತ್ತ ಕಂಬಗಳನ್ನು ಅಷ್ಟು ವರ್ಷ ಯಾರಾದರೂ ಪರೀಕ್ಷಿಸಿದ್ದರೇ ಎಂಬ ಪ್ರಶ್ನೆ ಆಮೇಲೆ ಬಂತು. ರಾಶಿಯ ಅಡಿಗೆ ದಪ್ಪ ಜಲ್ಲಿಯ ಜಗಲಿ ಇರಲಿ.

ಡಬ್ಬಿಯ ಬ್ಯಾಕ್ಟೀರಿಯಾ

ಈ ಹಂತದಲ್ಲಿ ಯಾರಾದರೂ 'ಎಣ್ಣೆ ತಿನ್ನುವ ವಿಶೇಷ ಬ್ಯಾಕ್ಟೀರಿಯಾ' ಮಾರಲು ಬರುತ್ತಾರೆ. ಕೊಳ್ಳಬೇಡಿ. ಎಣ್ಣೆ ಬಿದ್ದು ವರ್ಷಗಳಾದ ಮಣ್ಣಿನಲ್ಲಿ ಅದನ್ನು ತಿನ್ನುವವು, ಅಲ್ಲಿನ ಚಳಿಗೆ ಒಗ್ಗಿದವು, ಮೊದಲೇ ಇರುತ್ತವೆ. ಹೊರಗಿನಿಂದ ತಂದವು ಅವುಗಳ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ. ಅಂಟಾರ್ಕ್ಟಿಕಾದಲ್ಲಂತೂ ಆ ದಾರಿಯೇ ಮುಚ್ಚಿದೆ. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಪ್ಪಂದ ಹೊರಗಿನ ಜೀವಿಗಳನ್ನು ಅಲ್ಲಿಗೆ ಒಯ್ಯುವುದನ್ನು ಬಿಗಿಯಾಗಿ ತಡೆಯುತ್ತದೆ. ನಮ್ಮ ದೇಶದ ಮೈತ್ರಿ, ಭಾರತಿ ನೆಲೆಗಳಿಗೆ ಹೋಗುವ ಕನ್ನಡಿಗರಿಗೂ ಇದು ಅನ್ವಯ. 2022ರಲ್ಲಿ ಭಾರತ ಅದಕ್ಕಾಗಿ ತನ್ನದೇ ಕಾಯ್ದೆ ಮಾಡಿಕೊಂಡಿದೆ.

ರಾಶಿಯ ಬುಡದಲ್ಲಿ ಬಣ್ಣ ಕಂಡರೆ

ಜೂನ್‌ನಲ್ಲಿ ಹಿಮ ಕರಗುವಾಗ ಬುಡದ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಾಣಿಸುತ್ತದೆ, ರೇಡಿಯೋದಲ್ಲಿ ಕೂಗಾಟ ಶುರುವಾಗುತ್ತದೆ. ಮೊದಲು ಒಂದು ಕಡ್ಡಿ ತೆಗೆದುಕೊಂಡು ಪೊರೆಯನ್ನು ಚುಚ್ಚಿ. ಒಡೆದ ಗಾಜಿನಂತೆ ಚೂರುಚೂರಾಗಿ ದೂರ ಸರಿದು ಹಾಗೆಯೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ನಿರಪಾಯ. ಕಡ್ಡಿಯ ಹಿಂದೆಯೇ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ.

ಎಣ್ಣೆಯಾದರೆ ಅಡಿಯ ಹಾಳೆ ನೋಡಬೇಕು. ಪ್ಲಾಸ್ಟಿಕ್ ಹಾಳೆ ಚಳಿಯಲ್ಲಿ ಪೆಡಸಾಗುತ್ತದೆ, ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ಲೋಡರ್ ಹತ್ತಿದರೆ ಸೀಳುತ್ತದೆ. ಬೆಂಟೊನೈಟ್ ಜೇಡಿ ತುಂಬಿದ ಚಾಪೆಯಾದರೆ ಅದು ನೀರು ಕುಡಿದು ಉಬ್ಬಿದರೆ ಮಾತ್ರ ತಡೆಯುತ್ತದೆ. ಒಣಗಿಸಿದ ನಮ್ಮಂಥ ರಾಶಿಯ ಅಡಿಯಲ್ಲಿ ಅದೂ ಒಣಗಿರುತ್ತದೆ. ಅಂಟಾರ್ಕ್ಟಿಕಾದ ಕೇಸಿ ನೆಲೆಯಲ್ಲಿ ಆಸ್ಟ್ರೇಲಿಯಾದವರು ಇಳಿಜಾರಿನ ಕೆಳಗೆ ಸಕ್ರಿಯ ಇದ್ದಿಲು, ಜಿಯೊಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ, ಪೋಷಕಾಂಶವನ್ನು ನಿಧಾನವಾಗಿ ಬಿಡುವ ಗೊಬ್ಬರ ತುಂಬಿದ ತಡೆಗೋಡೆ ಇಟ್ಟು, ಕರಗಿದ ನೀರು ಅದರ ಮೂಲಕವೇ ಸೋಸಿ ಹೋಗುವಂತೆ ಮಾಡಿದರು. ರಾಶಿಯಲ್ಲಿ ಶುದ್ಧವಾದ ಮಣ್ಣನ್ನು ಅಲ್ಲೇ ಕಟ್ಟಡದ ಅಡಿಪಾಯಕ್ಕೂ ಬಳಸಿಕೊಂಡರು. ಹಾಳೆ ಸೋರುವುದೇ ಇಲ್ಲ ಎಂದು ನಂಬುವ ಬದಲು ಸೋರಿದಾಗ ಎಲ್ಲಿ ಹಿಡಿಯಬೇಕೆಂದು ಮೊದಲೇ ಜಾಗ ಮಾಡಿಟ್ಟ ಆ ಬುದ್ಧಿ ನನಗೆ ಹಿಡಿಸಿತು.

ನಮ್ಮ ರಾಶಿ ಈಗ ದಿನಕ್ಕೆ ಕಿಲೋಗೆ ಆರೇಳು ಮಿಲಿಗ್ರಾಂ ತಿನ್ನುತ್ತಿದೆ. ಎಂಬತ್ತು ದಿನದ ಬೇಸಿಗೆಗೆ ಐದುನೂರರ ಹತ್ತಿರ. ಇನ್ನೂ ಹಲವು ಬೇಸಿಗೆಯ ಕೆಲಸ, ಹಗುರ ಭಾಗ ಮುಗಿದಂತೆ ವೇಗವೂ ಇಳಿಯುತ್ತದೆ; ಕಚೇರಿಗೆ ಇದನ್ನೂ ಬರೆದೆ. ಹೊರಡುವ ದಿನ ಪೈಪುಗಳ ಬಾಯಿಗೆ ಮುಚ್ಚಳ ಹಾಕಿ, ಬ್ಲೋವರ್‌ಗೆ ಗಂಟೆ ಲೆಕ್ಕದ ಟೈಮರ್ ಜೋಡಿಸಿದೆವು, ಮುಂದಿನ ವರ್ಷ ಹಗಲೂ ರಾತ್ರಿ ಊದದಿರಲಿ ಎಂದು. ಶೆಡ್ಡಿನಲ್ಲಿ ಹನ್ನೆರಡು ಚೀಲ ಯೂರಿಯಾ ಉಳಿದಿತ್ತು. ಅದರ ಮೇಲೆ ಒಂದು ಕಾಗದ ಅಂಟಿಸಿ ಬಂದೆ: ತೇವ ಶೇಕಡಾ 10ರ ಮೇಲಿದೆಯೆಂದು ಅಳೆದು, ದಿನಾಂಕ ಹಾಕಿ, ಇಲ್ಲಿ ಸಹಿ ಮಾಡದವರು ಈ ಚೀಲ ಬಿಚ್ಚಕೂಡದು.